ಹಿಂದೆ ಉದ್ದದ ಅಂಗಿ

ಅಂಗಡಿಗೆ ಬಂದವರಿಗೆಲ್ಲ "ನೆಟ್ಟಗೆ ನಿಂತ್ಕೊಳ್ಳಿ" ಅನ್ನುವ ದರ್ಜಿ, ಗಿರಾಕಿ ಹೊರಟ ಕೂಡಲೇ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗೇ ಬಿದ್ದುಬಿಡುತ್ತಿದ್ದ. ಕುತ್ತಿಗೆ ನೋವೆಂದು ಗೊಣಗುವುದಂತೂ ತಪ್ಪಿದ್ದಲ್ಲ. ಪಕ್ಕದ ಮಿಷನ್ನಿನಲ್ಲಿ ಹೊಲಿಯುವ ಹೆಂಡತಿ ಹೇಳಿ ಹೇಳಿ ಸಾಕಾಗಿ, ಬಾಯಿ ಮುಚ್ಚಿಕೊಂಡು ಅವನಿಗೊಂದು ಅಂಗಿ ಹೊಲಿದಳು.

ಅಂಗಿ ಕೈಗೆ ಬಂದಾಗ ಅವನ ಕಣ್ಣು ನೇರ ಬೆನ್ನಿನ ಭಾಗಕ್ಕೆ ಹೋಯಿತು. "ಇದೇನೇ, ಹಿಂದೆ ಇಷ್ಟು ಉದ್ದ ಬಿಟ್ಟಿದ್ದೀಯ?"

"ಬೆನ್ನು ಬಾಗಿದ ಮುದುಕರಿಗೆ ಹಾಗೇ ತಾನೇ ಬಿಡೋದು? ನೀವೇ ಹೇಳಿಕೊಟ್ಟಿದ್ದು. ನೀವು ಫೋನ್ ನೋಡ್ತಾ ಕೂತಿದ್ದಾಗ ಅಳತೆ ತಗೊಂಡೆ. ನಿಮಗೆ ಗೊತ್ತೇ ಆಗ್ಲಿಲ್ಲ."

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಲೆಕ್ಕ ತಪ್ಪೆಂದು ತೋರಿಸಲು ಅಂಗಿ ತೊಟ್ಟು, ಫೋನ್ ಹಿಡಿದು ಕೂತ. ಹೇಳಿ ಮಾಡಿಸಿದ ಹಾಗಿತ್ತು.

ಮಾರನೆಯ ದಿನ ದರ್ಜಿ ಗೋಡೆಗೆ, ತನ್ನ ಕಣ್ಣಿನ ಎತ್ತರಕ್ಕೆ, ಒಂದು ಪುಟ್ಟ ಹಲಗೆ ಹೊಡೆದ. ಫೋನಿನ ಜಾಗ ಇನ್ನು ಅಲ್ಲೇ. ನೋಡಬೇಕಾದರೆ ನೆಟ್ಟಗೆ ಎದ್ದು ನಿಲ್ಲಬೇಕು. ಬರಬರುತ್ತ ಕುತ್ತಿಗೆ ನೋವು ಇಳಿಯಿತು, ಅಂಗಿ ಹಿಂದೆ ಜೋತಾಡತೊಡಗಿತು.

"ಕೊಡಿ, ಕತ್ತರಿಸಿ ಸರಿ ಮಾಡ್ತೀನಿ," ಎಂದಳು ಹೆಂಡತಿ.

"ಇರ್ಲಿ ಬಿಡು," ಎಂದ ದರ್ಜಿ ಎದೆ ಸೆಟೆಸಿ. "ಇದು ನನಗೆ ಮತ್ತೆ ಸರಿಹೋದ ದಿನ ಹೇಳು, ಫೋನನ್ನ ಅಟ್ಟಕ್ಕೆ ಹಾಕ್ತೀನಿ."