ಇಲ್ಲದ ಹುಡುಗರ ಪ್ರಶ್ನೆ

ನನ್ನ ತಮ್ಮ ತ್ರಿವಿಕ್ರಮನಿಗೆ ತನ್ನ ಸ್ವಂತ ಬಿಪಿ ಎಷ್ಟೆಂದು ಗೊತ್ತಿಲ್ಲ. ಆದರೆ ಈ ಭೂಮಿಯ ಮೇಲೆ ಇಲ್ಲವೇ ಇಲ್ಲದ ಒಬ್ಬ ಹುಡುಗನ ಮೊಣಕೈ ಎಷ್ಟು ಗಟ್ಟಿ ಎಂದು ಗೊತ್ತು. ತಮ್ಮನ ಹುಚ್ಚು ಬೇಸ್‌ಬಾಲ್. ಆಡುವುದಲ್ಲ, ಮಂಗಳೂರಿನ ನಮ್ಮ ದೇರೆಬೈಲಿನಲ್ಲಿ ಆ ಆಟದ ದಾಂಡನ್ನು ಕಣ್ಣಿಂದ ಕಂಡವರೂ ಇರಲಿಕ್ಕಿಲ್ಲ. ಇವನದ್ದು ಕಂಪ್ಯೂಟರಿನೊಳಗೆ ತಂಡ ನಡೆಸುವ ಆಟ. ಬೇರೆ ಬೇರೆ ದೇಶದವರು ಸೇರಿ ಆನ್‌ಲೈನಿನಲ್ಲಿ ಒಂದು ಲೀಗ್ ಕಟ್ಟಿಕೊಂಡಿದ್ದಾರೆ. ಒಬ್ಬೊಬ್ಬರಿಗೆ ಒಂದು ದೊಡ್ಡ ತಂಡ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿಯರ ತಂಡಗಳು. ಆಟಗಾರರೆಲ್ಲ ಕಂಪ್ಯೂಟರೇ ಹುಟ್ಟಿಸಿದವರು; ಅವರಿಗೆ ಹೆಸರು, ಊರು, ಹುಟ್ಟಿದ ತಾರೀಕು ಎಲ್ಲ ಉಂಟು, ಅವರು ಮಾತ್ರ ಇಲ್ಲ. ಕಿರಿಯರಲ್ಲಿ ಯಾರನ್ನು ಮೇಲೆ ಕಳಿಸುವುದು, ಯಾರನ್ನು ಇಳಿಸುವುದು, ಯಾರನ್ನು ಕೈಬಿಡುವುದು ಎಂದು ಇವನು ತೀರ್ಮಾನಿಸಬೇಕು. ಮತ್ತೆ ಕಂಪ್ಯೂಟರ್ ಪಂದ್ಯಗಳನ್ನು ತಾನೇ ಆಡಿ ಮುಗಿಸಿ ಫಲಿತಾಂಶ ಹೇಳುತ್ತದೆ. ಬಲ್ಮಠದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿರುವವನು ಮನೆಗೆ ಬಂದು ನೂರಾರು ಜನರ ಹಣೆಬರಹ ಬರೆಯುತ್ತಿದ್ದ. ನಾನು ಅವನನ್ನು ತಮಾಷೆ ಮಾಡದ ದಿನವಿರಲಿಲ್ಲ.

ಅಪ್ಪ ವಿಶ್ವೇಶ ಭಟ್ಟರು ಹಣೆಬರಹವನ್ನು ಓದುವವರು. ದೇವಸ್ಥಾನದ ಪೂಜೆಯಿಂದ ನಿವೃತ್ತರಾದ ಮೇಲೆ ಮನೆಯ ಚಾವಡಿಯಲ್ಲಿ ಕುಳಿತು ಪ್ರಶ್ನೆ ನೋಡುತ್ತಿದ್ದರು. ಚಿನ್ನ ಕಳೆದವರು, ಮಗಳಿಗೆ ಸಂಬಂಧ ಕೂಡಿಬರದವರು, ಕೋರ್ಟಿಗೆ ಅಲೆದು ಸುಸ್ತಾದವರು ಬಂದು ಎದುರು ಕುಳಿತು ಕೇಳುವುದು. ಕೇಳಿದ ಗಳಿಗೆ ನೋಡಿಕೊಂಡು ಅಪ್ಪ ಕವಡೆ ಹರಡಿ, ಎಣಿಸಿ, ಕಂಡದ್ದನ್ನು ಹೇಳುವುದು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ಆಗಿಹೋದದ್ದನ್ನು ಹೇಳಲಿಕ್ಕೇ ನಮಗೆ ಹತ್ತು ಪುರಾವೆ ಬೇಕು. ಆದರೆ ಅಪ್ಪ ಕಂಡದ್ದನ್ನು ಒಂದಿಷ್ಟೂ ಮರೆಮಾಚದೆ ಹೇಳುವವರೆಂದು ಇಡೀ ದೇರೆಬೈಲಿಗೆ ಗೊತ್ತಿತ್ತು. ಅಮ್ಮನ ಕಾಯಿಲೆಯ ಪ್ರಶ್ನೆಯನ್ನೂ ಅವರೇ ನೋಡಿ, ಅಮ್ಮನ ಎದುರಿಗೇ ಹೇಳಿದ್ದರು.

ಈ ಎರಡು ಹುಚ್ಚುಗಳು ಕೂಡಿದ್ದು ಒಂದು ಬೆಳಿಗ್ಗೆ ನೀರುದೋಸೆ ತಿನ್ನುವಾಗ. ತ್ರಿವಿಕ್ರಮ ಯಾವನೋ ಚೆಂಡೆಸೆಯುವ ಹುಡುಗನ ಕೈನೋವಿನ ಬಗ್ಗೆ ಗೊಣಗುತ್ತಿದ್ದ. ಅಪ್ಪ ಯಾರದೋ ಮಗನಿರಬೇಕೆಂದು ಮರುಕದಿಂದ ವಿಚಾರಿಸಿದರು. ಇವನು ಹಿಂದೆ ಮುಂದೆ ನೋಡದೆ ಒಂದು ಸುಳ್ಳು ಬಿಟ್ಟ. ಸುರತ್ಕಲ್ಲಿನಲ್ಲಿ ಒಂದು ತರಬೇತಿ ಶಿಬಿರ ಉಂಟು, ಹೊರದೇಶದ ಹುಡುಗರು ಬಂದಿದ್ದಾರೆ, ಅವರ ಉಸ್ತುವಾರಿ ತನಗೂ ಸ್ವಲ್ಪ ಉಂಟು ಎಂದ. ಅಪ್ಪ ಕೈತೊಳೆದು ಬಂದು ಕವಡೆ ಹರಡಿದರು. ಬಲಗೈಗೆ ಪೆಟ್ಟು ಕಾಣುತ್ತದೆ, ಜಾಗ್ರತೆ ಎಂದರು.

ಕಂಪ್ಯೂಟರಿನಲ್ಲಿ ಆ ಹುಡುಗನ ಬಲಗೈ ಹೋಯಿತು. ತ್ರಿವಿಕ್ರಮ ಸಂತೋಷದಿಂದ ಕುಣಿದ. ಅದೇ ವಾರ ಕಚೇರಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತಾನೂ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಕುಣಿದದ್ದು ಜಾಸ್ತಿಯಾಯಿತು ಎಂದು ನಾನು ನಕ್ಕೆ. ಇನ್ನೊಮ್ಮೆ ಇನ್ನೊಬ್ಬ ಹುಡುಗನ ಬಗ್ಗೆ ಕೇಳಿದಾಗ, ಇವನಿಗೆ ಇದ್ದ ಜಾಗ ತಪ್ಪುತ್ತದೆ ಎಂದು ಅಪ್ಪ ಹೇಳಿದರು. ಆ ಹುಡುಗನ ಜಾಗಕ್ಕೆ ತಂಡದಲ್ಲಿ ಬೇರೊಬ್ಬ ಬಂದ. ಕೆಲವೇ ದಿನಗಳಲ್ಲಿ ತ್ರಿವಿಕ್ರಮನನ್ನೂ ಕಿಟಕಿ ಪಕ್ಕದ ಕುರ್ಚಿಯಿಂದ ಎಬ್ಬಿಸಿ ಹಳೇ ಫೈಲುಗಳ ಕೋಣೆಗೆ ಹಾಕಿದರು. ಎರಡಕ್ಕೂ ಸಂಬಂಧ ಉಂಟೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅವನ ತಂಡ ಗೆಲ್ಲುತ್ತಿತ್ತು, ಅಪ್ಪನಿಗೂ ಆ ಹುಡುಗರ ಮೇಲೆ ಅಕ್ಕರೆ ಹುಟ್ಟಿತ್ತು. ಸಂಜೆಯ ಪೂಜೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ತೋಮಸ್ ಎಂಬವನ ಸರದಿ ಬಂದಾಗ ತ್ರಿವಿಕ್ರಮ ಕಚೇರಿಯಲ್ಲಿದ್ದ. ಇವನನ್ನು ಕಿರಿಯರ ತಂಡದಿಂದ ದೊಡ್ಡ ತಂಡಕ್ಕೆ ಕಳಿಸಬೇಕೋ ಬೇಡವೋ ಎಂದು ಮಧ್ಯಾಹ್ನದೊಳಗೆ ತಿಳಿಸಬೇಕಿತ್ತು. ನನಗೆ ಫೋನ್ ಮಾಡಿ, ಅಪ್ಪನ ಹತ್ತಿರ ಒಮ್ಮೆ ಕೇಳು ಮಾರಾಯ್ತಿ ಎಂದು ಗೋಗರೆದ. ತಮಾಷೆಗೆ ಒಪ್ಪಿಕೊಂಡೆ. ಹುಟ್ಟಿ ಬೆಳೆದ ಮನೆಯಲ್ಲಿ ಮೊದಲ ಬಾರಿ ಅಪ್ಪನ ಎದುರು ಪ್ರಶ್ನೆ ಕೇಳುವವಳಾಗಿ ಕುಳಿತೆ.

ಅಪ್ಪ ಕವಡೆಯನ್ನು ಎಣಿಸಿದರು, ಮತ್ತೆ ಎಣಿಸಿದರು.

"ಈ ಹುಡುಗನನ್ನು ಕಳಿಸುವುದು ಬೇಡ," ಎಂದರು. "ಹೋಗುವುದು ಸುಖವಾಗಿ ಹೋಗ್ತಾನೆ. ತಿರುಗಿ ಬಂದು ಮನೆ ಮುಟ್ಟುವುದು ಕಾಣುವುದಿಲ್ಲ."

ನಾನು ಅದನ್ನು ಹಾಗೆಯೇ ಫೋನಿನಲ್ಲಿ ಹೇಳಿದೆ. ತ್ರಿವಿಕ್ರಮ ಬೇಡ ಎಂದದ್ದನ್ನು ಬಿಟ್ಟು ಉಳಿದದ್ದಕ್ಕೆ ಹಿಗ್ಗಿಹೋದ. ಮೇಲೆ ಹೋದವನು ಮತ್ತೆ ಕಿರಿಯರ ತಂಡಕ್ಕೆ ಇಳಿಯದೇ ಇರುವುದು ಅವನ ಆಟದಲ್ಲಿ ದೊಡ್ಡ ಭಾಗ್ಯವಂತೆ. ಕೂಡಲೇ ಕಳಿಸಿದ. ತೋಮಸ್ ಅಲ್ಲಿ ಚೆನ್ನಾಗಿಯೇ ಆಡಿದ. ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಆ ಹುಡುಗ ಹೋದನಾ, ಅವನ ತಾಯಿಗೆ ಗೊತ್ತುಂಟಾ ಎಂದು ಊಟಕ್ಕೆ ಕುಳಿತಾಗಲೆಲ್ಲ ಕೇಳುವರು.

ಅಷ್ಟರಲ್ಲಿ ನನ್ನ ನೇಮಕಾತಿ ಆದೇಶ ಬಂತು. ತಲೆಯಲ್ಲಿ ಬಿಳಿಕೂದಲು ಮೂಡುವವರೆಗೆ ನಾನು ಅತಿಥಿ ಉಪನ್ಯಾಸಕಿಯಾಗಿ ದುಡಿದಿದ್ದೆ. ಪ್ರತಿ ವರ್ಷ ಕಾಲೇಜಿನವರು ಬಾ ಎಂದರೆ ಬರುವುದು, ಬೇಡವೆಂದರೆ ಮನೆಯಲ್ಲಿರುವುದು. ಈಗ ಹಾಸನದಲ್ಲಿ ಖಾಯಂ ಕೆಲಸ, ಘಾಟಿ ಹತ್ತಿ ಹೋಗಿ ಸೇರಿಕೊಂಡರಾಯಿತು. ನಾನು ಅತ್ತೆ. ಸಂತೋಷಕ್ಕೆ ಅಳುವುದು ನಾಟಕ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಮರುದಿನ ಅಪ್ಪ ಕಾಣಿಸಲಿಲ್ಲ. ಮಧ್ಯಾಹ್ನ ಕಳೆದು ಬೆವರಿ ನೀರಾಗಿ ಬಂದರು, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಪ್ರಸಾದ. ಒಬ್ಬರೇ ಬಸ್ಸು ಹಿಡಿದು ಸುರತ್ಕಲ್ಲಿಗೆ ಹೋಗಿದ್ದರು. ತೋಮಸ್ ಇಲ್ಲದಿದ್ದರೂ ಅವನ ಜತೆಯವರಿಗಾದರೂ ಪ್ರಸಾದ ಕೊಟ್ಟು, ಅವನನ್ನು ವಾಪಸು ಕರೆಸಿಕೊಳ್ಳಿ ಎಂದು ಹೇಳಲಿಕ್ಕೆ. ಹೆದ್ದಾರಿಯ ಆಚೆ ಈಚೆ ಸಿಕ್ಕಸಿಕ್ಕವರನ್ನು ಕೇಳಿದರಂತೆ. ಅಂಥ ಶಿಬಿರವೇ ಇಲ್ಲ ಎಂದರಂತೆ ಎಲ್ಲರೂ.

ತ್ರಿವಿಕ್ರಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನು ಕಚೇರಿಯಿಂದ ಬಂದ ಕೂಡಲೇ ಲ್ಯಾಪ್‌ಟಾಪ್ ತೆಗೆಸಿ ಅಪ್ಪನ ಮುಂದೆ ಕುಳ್ಳಿರಿಸಿದೆ. ಅವನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಪರದೆಯ ಮೇಲೆ ಕಂಪ್ಯೂಟರ್ ಬಿಡಿಸಿದ ತೋಮಸನ ಮುಖವಿತ್ತು. ಅಪ್ಪ ಬೈಯಲಿಲ್ಲ. ಇವನಿಗೆ ತಂದೆತಾಯಿ ಇಲ್ಲವಾ ಎಂದು ಕೇಳಿದರು. ಇಲ್ಲ ಎಂದ. ಇವನು ಎಲ್ಲಿಯೂ ಇಲ್ಲವಾ ಎಂದು ಕೇಳಿದರು. ಎಲ್ಲಿಯೂ ಇಲ್ಲ ಅಪ್ಪ ಎಂದ.

"ಹಾಗಾದರೆ ನನಗೆ ಕಂಡದ್ದು ಎಂತ?" ಎಂದು ಅಪ್ಪ ತಮ್ಮಷ್ಟಕ್ಕೆ ಕೇಳಿಕೊಂಡರು. ಅವರ ಕಣ್ಣು ತ್ರಿವಿಕ್ರಮನ ಬಲಗೈಯ ಮೇಲೆ ನಿಂತಿತು. ಪ್ಲಾಸ್ಟರ್ ತೆಗೆದ ಜಾಗ ಇನ್ನೂ ಬೆಳ್ಳಗಿತ್ತು. ಆಮೇಲೆ ಅವನ ಕುರ್ಚಿ ಹೋದ ಕತೆಯನ್ನು ಇನ್ನೊಮ್ಮೆ ಹೇಳಿಸಿದರು.

"ಯಾರ ಬಗ್ಗೆ ಕೇಳಿದ್ದೋ ಆ ಮನುಷ್ಯನೇ ಇಲ್ಲದಿದ್ದರೆ, ಪ್ರಶ್ನೆ ಕೇಳಿದವರ ಮೇಲೆ ನಿಲ್ತದೆ," ಎಂದರು. "ತೋಮಸನ ಪ್ರಶ್ನೆ ಕೇಳಿದ್ದು ಯಾರು?"

"ನಾನು," ಎಂದೆ.

ಆಮೇಲೆ ಆ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲ. ತ್ರಿವಿಕ್ರಮ ತನಗೆ ತಿಳಿದ ದಾರಿ ಹಿಡಿದ. ತೋಮಸನನ್ನು ಕಿರಿಯರ ತಂಡಕ್ಕೆ ವಾಪಸು ಇಳಿಸಿದರೆ ತಿರುಗಿ ಬಂದ ಹಾಗಾಯಿತು, ಮಾತು ಅಲ್ಲಿಗೆ ತೀರಿತು ಎಂದು ಅವನ ಲೆಕ್ಕ. ಆದರೆ ಹಾಗೆ ಇಳಿಸುವ ಮೊದಲು ಉಳಿದ ತಂಡದವರಿಗೆ ಇವನು ಬೇಕಾ ಎಂದು ಕೇಳಬೇಕೆಂಬ ನಿಯಮವಿತ್ತು. ಇಷ್ಟು ಚೆನ್ನಾಗಿ ಆಡುವವನನ್ನು ಯಾರು ಬಿಡುತ್ತಾರೆ? ಬೆಳಗಾಗುವುದರೊಳಗೆ ಯಾವುದೋ ದೇಶದವನೊಬ್ಬ ಎತ್ತಿಕೊಂಡಿದ್ದ. ತ್ರಿವಿಕ್ರಮ ಅವನಿಗೆ ಬರೆದು ಬೇಡಿಕೊಂಡ, ತನ್ನ ಅತ್ಯುತ್ತಮ ಹುಡುಗರನ್ನೆಲ್ಲ ಬದಲಿಗೆ ಕೊಡುತ್ತೇನೆಂದ. ತೋಮಸನನ್ನು ಬಿಟ್ಟುಕೊಡುವುದಿಲ್ಲ ಎಂದು ಉತ್ತರ ಬಂತು. ಇವನು ಅದನ್ನು ಓದಿ ಹೇಳುವಾಗ ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹೆದರಿಕೆಯಾದರೆ ನಾನು ಜಗಳಕ್ಕೆ ನಿಲ್ಲುವವಳು. ಒಂದು ಕಂಪ್ಯೂಟರ್ ಗೊಂಬೆಗಾಗಿ ನಾನು ಸಿಕ್ಕಿದ ಕೆಲಸ ಬಿಡಬೇಕಾ ಎಂದು ಕೂಗಾಡಿದೆ. ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಚಾವಡಿಯಲ್ಲಿಟ್ಟು ಅಪ್ಪನ ಮುಂದೆ ಕುಳಿತು, ನನ್ನದೇ ಹೆಸರು ಹೇಳಿ ಪ್ರಶ್ನೆ ಕೇಳಿದೆ. ಹೋಗಬಹುದಾ, ಬೇಡವಾ?

ಅಪ್ಪ ಕವಡೆ ಹರಡಿದರು. ಒಮ್ಮೆ ನೋಡಿದರು. ಎಣಿಸುವ ಮೊದಲೇ ಎರಡೂ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿದರು.

"ಅವತ್ತು ನಾನು ನೋಡಿದ್ದು ತಪ್ಪು," ಎಂದರು. "ನೀನು ಹೋಗು ಮಗಾ. ಎಷ್ಟು ವರ್ಷ ಕಾದದ್ದು."

ಅವರು ನನ್ನ ಮುಖ ನೋಡಲಿಲ್ಲ. ಅಮ್ಮನಿಗೆ ಸಾವನ್ನು ಎದುರಿಗೇ ಹೇಳಿದವರು ನನಗೆ ಸುಳ್ಳು ಹೇಳಿದ್ದರು. ನಾನು ಕಾಲು ಮುಟ್ಟಿ ನಮಸ್ಕರಿಸಿ ಹೊರಟೆ.

ಹೋಗುವುದು ಸುಖವಾಗಿಯೇ ಆಯಿತು. ಘಾಟಿಯಲ್ಲಿ ಮಂಜಿತ್ತು, ಬಸ್ಸು ನಿಧಾನಕ್ಕೆ ಹತ್ತಿತು. ಹಾಸನದಲ್ಲಿ ಇಳಿದು ಫೋನ್ ಮಾಡಿ, ಮುಟ್ಟಿದೆ, ಎಂತದೂ ಆಗಲಿಲ್ಲ ಎಂದು ನಕ್ಕೆ. ಅಪ್ಪ ನಗಲಿಲ್ಲ. ಹೋಗುವುದಕ್ಕೆ ಅಡ್ಡಿಯಿದೆ ಎಂದು ಅವರು ಯಾವತ್ತೂ ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ದಸರಾ ರಜೆಗೆ ಊರಿಗೆ ಟಿಕೆಟ್ ತೆಗೆದ ಮೇಲೆ. ಬಸ್‌ಸ್ಟ್ಯಾಂಡಿನವರೆಗೆ ಹೋದವಳು ಬಾಡಿಗೆ ಕೋಣೆಗೆ ವಾಪಸು ಬಂದೆ. ಆಮೇಲೆ ಒಮ್ಮೆ ಮೌಲ್ಯಮಾಪನ ಉಂಟೆಂದೆ, ಒಮ್ಮೆ ಚುನಾವಣೆ ಡ್ಯೂಟಿ ಎಂದೆ, ಒಮ್ಮೆ ಜ್ವರ ಎಂದೆ. ತ್ರಿವಿಕ್ರಮ ರೇಗುತ್ತಿದ್ದ. ಅಪ್ಪ ಮಾತ್ರ, ಯಾವಾಗ ಬರ್ತಿ ಎಂದು ಒಂದು ದಿನವೂ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ತ್ರಿವಿಕ್ರಮ ಫೋನ್ ಮಾಡಿದ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾನೆ. ಡಾಕ್ಟರು, ನೋಡುವವರು ಇದ್ದರೆ ಕರೆಸಿ ಎಂದಿದ್ದಾರೆ. ಅಪ್ಪನಿಗೆ ಪ್ರಜ್ಞೆ ಹೋಗಿ ಬಂದು ಆಗುತ್ತಿದೆ, ಬಂದಾಗಲೆಲ್ಲ ನನ್ನನ್ನೇ ಕೇಳುತ್ತಾರಂತೆ. ಹೊರಟೆ ಎಂದೆ. ನಿಜವಾಗಿ ಹೊರಟೆ ಕೂಡ. ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ಕುಳಿತೆ. ಮಂಗಳೂರಿನ ಬಸ್ಸು ಬಂತು, ಕಂಡಕ್ಟರ್ ಊರಿನ ಹೆಸರು ಕೂಗಿದ. ನನ್ನ ಕಾಲು ಏಳಲಿಲ್ಲ. ಅದು ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು. ಚರಿತ್ರೆ ಓದಿದ ತಲೆ ಒಂದೇ ಸಮ ಬೈಯುತ್ತಿತ್ತು. ಕಾಲು ಅಪ್ಪನ ಮಾತು ಕೇಳಿಕೊಂಡು ಕುಳಿತಿತ್ತು.

ಫೋನ್ ಬಂತು. ತ್ರಿವಿಕ್ರಮ ಅದನ್ನು ಅಪ್ಪನ ಕಿವಿಗೆ ಹಿಡಿದಿರಬೇಕು, ಉಸಿರು ಎಳೆಯುವುದು ಕೇಳಿಸಿತು.

"ಸತ್ಯಾ, ಎಲ್ಲಿಗೆ ಮುಟ್ಟಿದಿ?"

"ಸಕಲೇಶಪುರ ದಾಟಿತು ಅಪ್ಪ," ಎಂದೆ.

ಹೂಂ ಎಂದರು. ಎದುರಿಗೆ ಇನ್ನೊಂದು ಬಸ್ಸು ಜನ ತುಂಬಿಸಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕಳೆದು ಅವರು ಮತ್ತೆ ಕೇಳಿದಾಗ, ಘಾಟಿ ಇಳಿಯಿತು, ಗುಂಡ್ಯ ಎಂದೆ.