ಪಾನಕ ಕುಡಿದ ಮಿಷನ್ನು

“ತೆಗಿಯೇ ಕೈನ! ಹಂಡೆಯಿಂದ ಕೈ ತೆಗಿಯೇ ಮುಂಡೆ!”

ಯಜಮಾನ ಪಂಚಾಕ್ಷರಪ್ಪನ ಕೂಗಿಗೆ ಏಣಿಯ ಮೇಲಿದ್ದ ನಾವೆಲ್ಲ ತಲೆಯ ಮೇಲಿನ ಬಾಂಡ್ಲಿ ಹಿಡಿದುಕೊಂಡೇ ನಿಂತುಬಿಟ್ಟೆವು. ಕೆಳಗೆ ಬೇವಿನ ಮರದಡಿ ಪಾನಕದ ತಾಮ್ರದ ಹಂಡೆ ಇತ್ತು. ಅದರ ಪಕ್ಕದಲ್ಲಿ ನಮ್ಮ ಹಟ್ಟಿಯ ಯಲ್ಲಮ್ಮ ನಿಂತಿದ್ದಳು. ಅವಳ ಕೈಯ ಅಲ್ಯೂಮಿನಿಯಂ ಲೋಟದಿಂದ ಬೆಲ್ಲದ ನೀರು ತೊಟ್ಟಿಕ್ಕುತ್ತಿತ್ತು. ಬಾಯಾರಿಕೆ ತಡೆಯಲಾರದೆ ತಾನೇ ಲೋಟ ಅದ್ದಿಬಿಟ್ಟಿದ್ದಳು.

“ಹೊಯ್ಯೋನು ಊಟಕ್ಕೋಗವ್ನೆ ಬುದ್ಧಿ. ಮಿಷನ್ನು ನಿಲ್ಲಂಗಿಲ್ಲ ಅಂತೀರಾ. ನಾಲ್ಗೆ ಒಣಗೋಯ್ತು.”

“ಒಣಗಿದ್ರೆ ಸಾಯಿ. ನಮ್ಮನೆ ಹಂಡೆ ಕಣೇ ಅದು, ನಿಮ್ಮ ಹಟ್ಟಿ ಬಾನಿ ಅಲ್ಲ!”

ಸೂರಿಗೆ ಕಾಂಕ್ರೀಟಿನ ಮೋಲ್ಡು ಹಾಕುವ ದಿನ ಯಜಮಾನ ಕೆಲಸದವರಿಗೆಲ್ಲ ಪಾನಕ ಕೊಡುವುದು ನಮ್ಮ ಕಡೆಯ ರೂಢಿ. ಮೇಲಿನವರಿಗೆ ಲೋಟದಲ್ಲಿ ಕೊಡುತ್ತಾರೆ. ನಮಗೆ ಎತ್ತರದಿಂದ ಬೊಗಸೆಗೆ ಹೊಯ್ಯುತ್ತಾರೆ. ಬೊಗಸೆಗೆ ಸಿಮೆಂಟು ಮೆತ್ತಿರುತ್ತದೆ, ಪಾನಕದ ಜೊತೆ ಅದನ್ನೂ ನುಂಗಬೇಕು. ಪುಣ್ಯ ಅವರ ಮನೆಗೆ ಹೋಗುತ್ತದೆ, ಕೆಮ್ಮು ನಮ್ಮ ಮನೆಗೆ ಬರುತ್ತದೆ.

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ಅಜ್ಜಂಪುರದಲ್ಲಿ, ಅಂತರಘಟ್ಟೆಗೆ ಹೋಗುವ ರಸ್ತೆಯ ಮಗ್ಗುಲಿಗೆ, ಪಂಚಾಕ್ಷರಪ್ಪ ತನ್ನ ಅಪ್ಪನ ಹೆಸರಿನಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದ. ಮಗಳು ಮಲ್ಲಿಕಾಂಬಳ ಮದುವೆ ಅದರಲ್ಲೇ ಆಗಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ತರೀಕೆರೆಯ ಆಫೀಸಿನಲ್ಲಿ ಕೈಕಟ್ಟಿ ನಿಂತು ಅದನ್ನು ತಂದಿದ್ದ. ಅಲ್ಲಿ ಕೈಕಟ್ಟಿ ನಿಂತ ಸಿಟ್ಟನ್ನು ಇಲ್ಲಿ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದ.

ಪಾಯದ ಮಣ್ಣು ಹೊತ್ತವರು, ಗೋಡೆಯ ಇಟ್ಟಿಗೆ ಹೊತ್ತವರು ಹಟ್ಟಿಯ ಹೆಂಗಸರಾದ ನಾವು. ಗಂಡಸರು ಸಲಿಕೆಯಲ್ಲಿ ಕಾಂಕ್ರೀಟು ಕಲೆಸುವಷ್ಟು ಹೊತ್ತು ನಮ್ಮ ಸೊಂಟ ನೆಟ್ಟಗಾಗುತ್ತಿತ್ತು. ಎಳೆಗೂಸಿದ್ದವಳು ಒಂದು ಗಳಿಗೆ ಹಾಲೂಡಿಸಿ ಬರುತ್ತಿದ್ದಳು. ಆಮೇಲೆ ಭದ್ರಾವತಿ ಕಡೆಯಿಂದ ಲಾರಿಯ ಹಿಂದೆ ಕಟ್ಟಿಸಿಕೊಂಡು ಕಲೆಸುವ ಮಿಷನ್ನು ಬಂತು. ಅದರ ಹೊಟ್ಟೆಗೆ ಮೂರು ಪಟ್ಟೆ ವಿಭೂತಿ ಬಳಿದರು, ಕೊರಳಿಗೆ ಹಾರ ಹಾಕಿದರು, ಮುಂದೆ ಕುಂಬಳಕಾಯಿ ಒಡೆದರು. ಪೂಜೆ ಮುಗಿದ ಮೇಲೆ ಮೇಸ್ತ್ರಿ ಲಕ್ಕಣ್ಣ ಮುಖ ಆ ಕಡೆ ತಿರುಗಿಸಿಕೊಂಡು, “ನಾಳಿಂದ ಅರ್ಧ ಜನ ಬರ್ಬೇಡ್ರಮ್ಮಾ” ಅಂದ. ಸಲಿಕೆ ಹಿಡಿದ ಗಂಡಸರೂ ಹೋದರು.

ಉಳಿದ ನಮ್ಮ ಪಾಡು ಹೋದವರಿಗಿಂತ ಕಡೆಯಾಯಿತು. ಮಿಷನ್ನು ಯಾರಿಗೂ ಕಾಯುವುದಿಲ್ಲ. ಒಂದು ಬಾಂಡ್ಲಿ ಮೇಲೆ ಸುರಿದು ಇಳಿಯುವುದರೊಳಗೆ ಇನ್ನೊಂದು ರಾಶಿ ಕಕ್ಕಿರುತ್ತದೆ. ಅದಕ್ಕೆ ಡೀಸೆಲ್ ಕುಡಿಸಲು ಒಬ್ಬ ಇದ್ದ, ಮೈ ಬಿಸಿಯಾದರೆ ನೀರು ಹಾಕಲು ಮತ್ತೊಬ್ಬ ಇದ್ದ. ನಮಗೆ ನೀರು ಹೊಯ್ಯುವವನು ಮಾತ್ರ ಊಟಕ್ಕೆ ಹೋಗಿದ್ದ. ಯಲ್ಲಮ್ಮ ಅಂದಿನವರೆಗೆ ಎದುರುತ್ತರ ಕೊಟ್ಟವಳೇ ಅಲ್ಲ. ಅವಳ ಗಂಡ ಚಿಕ್ಕಬೀರಪ್ಪ ಗಾರೆ ಅರೆಯುವ ಗಾಣಕ್ಕೆ ಕಾಲು ಕೊಟ್ಟು ಮೂಲೆ ಹಿಡಿದಿದ್ದ. ಇವಳು ದುಡಿದು ತಂದರೆ ಆ ಮನೆಯ ಒಲೆ ಹೊತ್ತಬೇಕು.

“ಈಗ ಇದನ್ನ ಯಾವನು ಕುಡೀತಾನೆ?” ಪಂಚಾಕ್ಷರಪ್ಪ ಹಂಡೆಯನ್ನು ಹೆಣ ನೋಡುವಂತೆ ನೋಡಿದ.

“ನಮ್ಗೇ ಕೊಟ್ಬಿಡಿ ಬುದ್ಧಿ, ನಾವ್ ಕುಡೀತೀವಿ,” ಅಂದೆ ನಾನು.

“ನೋಡ್ದೇನೋ ಲಕ್ಕಣ್ಣ, ಈ ಈರಕ್ಕನ ನಾಲ್ಗೇನ! ಮುಟ್ಟಿ ಕೆಡ್ಸಿದ್ದಕ್ಕೆ ಇವಕ್ಕೆ ಬಹುಮಾನ ಬೇರೆ ಕೊಡ್ಬೇಕಂತೆ. ಸುರಿಯೋ ಅದನ್ನ, ಮಿಷನ್ನಿನ ನೀರಿನ ಡ್ರಮ್ಮಿಗೆ ಸುರಿ. ಮಿಷನ್ನಿಗ್ಯಾವ ಜಾತಿ?”

ಲಕ್ಕಣ್ಣ ತಲೆ ಕೆರೆದ. “ಬೆಲ್ಲ ಐತಲ್ಲ ಬುದ್ಧಿ...”

“ನಮ್ಮಜ್ಜ ಗಾರೆಗೆ ಬೆಲ್ಲ ಹಾಕ್ಸಿ ಕಟ್ಸಿದ ಮನೆ ಕಣಲೇ ನಮ್ದು. ಇವತ್ಗೂ ಒಂದು ಬಿರುಕಿಲ್ಲ. ಸುರಿ ಅಂದ್ರೆ ಸುರಿ.”

ಅದು ಸುಳ್ಳಲ್ಲ. ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕುವುದನ್ನು ನಾವೂ ಕಂಡಿದ್ದೆವು. ಸಿಮೆಂಟಿನ ಗುಣ ಬೇರೆ ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಹಂಡೆ ಡ್ರಮ್ಮಿಗೆ ಬಗ್ಗಿತು. ಏಲಕ್ಕಿಯ ವಾಸನೆ ನಮ್ಮ ಮೂಗಿಗೆ ಬಂತು, ಪಾನಕ ಮಿಷನ್ನಿನ ಬಾಯಿಗೆ ಹೋಯಿತು. ಸಿಮೆಂಟಿಗೆ ನೊಣ ಮುತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಆ ಸಿಹಿಯನ್ನು ತಲೆಯ ಮೇಲೆ ಹೊತ್ತುಕೊಂಡು ಏಣಿ ಹತ್ತಿದೆವು, ನಾಲಗೆ ಹಾಗೇ ಒಣಗಿತ್ತು.

ಮಾರನೆಯ ದಿನ ಪಂಚಾಕ್ಷರಪ್ಪ ಊರುಗೋಲು ಹಿಡಿದು ಸೂರು ಹತ್ತಿದ. ಬೆಳಗ್ಗೆಯೇ ಹಾಕಿ ಮುಗಿಸಿದ್ದ ಅಡುಗೆಮನೆಯ ಕಡೆ ಕೋಲು ಊರಿದರೆ ಟಕ್ ಎಂದಿತು. ಮದುವೆಯ ವೇದಿಕೆ ಬರಬೇಕಾದ ಕಡೆ ಊರಿದರೆ ಕೋಲು ಸದ್ದಿಲ್ಲದೆ ಒಳಗೆ ಹೋಯಿತು.

“ಇದೇನೋ ಇದು, ರಾಗಿ ಅಂಬಲಿ ಆಗೈತಲ್ಲೋ!”

ಬಿಸಿಲು ಬೀಳಲಿ ಎಂದರು. ಬಿಸಿಲು ಬಿತ್ತು. ಇನ್ನೆರಡು ದಿನ ಹೋಗಲಿ ಎಂದರು. ವಾರ ಕಳೆದರೂ ಆ ಭಾಗ ಹಸಿಯಾಗಿಯೇ ಇತ್ತು. ಪರ್ಮಿಟ್ಟಿನ ಸಿಮೆಂಟು ಸೂರಿನ ಮೇಲೆ ಕೆಸರಾಗಿ ಬಿದ್ದಿತ್ತು, ಕೆಳಗೆ ಮರದ ಕಂಬಗಳು ಅದನ್ನು ಹೊತ್ತು ನಿಂತಿದ್ದವು. ಆಗ ಪಂಚಾಕ್ಷರಪ್ಪನಿಗೆ ಕಾರಣ ಹೊಳೆಯಿತು. ಅಂಥವರಿಗೆ ಎಂದಾದರೂ ಬೇರೆ ಕಾರಣ ಹೊಳೆದದ್ದುಂಟೆ? ಯಲ್ಲಮ್ಮನ ಕೈ ತಾಗಿದ ನೀರು ಮಿಷನ್ನಿಗೆ ಹೋಗಿದೆ, ಅದಕ್ಕೇ ಸಿಮೆಂಟು ಹಿಡಿಯುತ್ತಿಲ್ಲ. ಮಿಷನ್ನಿಗೆ ಯಾವ ಜಾತಿ ಎಂದವನಿಗೆ ಅದು ತನ್ನ ಜಾತಿಯದೇ ಎಂದು ಈಗ ನೆನಪಾಗಿತ್ತು.

ಮಠದ ಕಡೆಯಿಂದ ಒಬ್ಬ ಅಯ್ಯನವರನ್ನು ಕರೆಸಿದ. ಅಯ್ಯನವರು ಮಿಷನ್ನಿನ ಸುತ್ತ ಒಂದು ಸುತ್ತು ಬಂದು ಕಣ್ಣು ಮುಚ್ಚಿ, “ಯಂತ್ರಕ್ಕೂ ಮೈಲಿಗೆ ಉಂಟು. ಕೆಡಿಸಿದವಳೇ ಅಡ್ಡಬಿದ್ದು ತಪ್ಪೊಪ್ಪಿಕೊಳ್ಳಬೇಕು” ಅಂದರು.

“ಕೇಳ್ತೇನೇ?” ಪಂಚಾಕ್ಷರಪ್ಪ ಯಲ್ಲಮ್ಮನ ಕಡೆ ಕೋಲು ತೋರಿಸಿದ. “ಬೀಳು. ಇಲ್ದಿದ್ರೆ ಅಜ್ಜಂಪುರದಿಂದ ಕಡೂರಿನ ಗಂಟ ಯಾವ ಮೇಸ್ತ್ರಿನೂ ನಿನ್ನ ಕೆಲ್ಸಕ್ಕೆ ಕರೀದಂಗೆ ಮಾಡ್ತೀನಿ. ಗಂಡನ್ನ ಕಟ್ಕೊಂಡು ಮಣ್ ತಿನ್ನು.”

“ಬೀಳ್ಬೇಡ ಕಣೇ,” ನಾನು ಅವಳ ಸೆರಗು ಜಗ್ಗಿದೆ. “ಕಬ್ಣಕ್ಕೆ ಯಾವಳಾದ್ರೂ ಅಡ್ಡ ಬೀಳ್ತಾಳಾ?”

“ಬೀಳ್ದಿದ್ರೆ ನೀನಿಕ್ತೀಯಾ ನಮ್ಮನೆಗೆ ಮುದ್ದೇನ?” ಅಂದಳು ಯಲ್ಲಮ್ಮ. ನಾನು ಸೆರಗು ಬಿಟ್ಟೆ.

ಅವಳು ಜಲ್ಲಿಯ ಮೇಲೆ ಉದ್ದಕ್ಕೆ ಬಿದ್ದಳು. ಮಿಷನ್ನಿನ ಗಾಲಿಯ ಪಕ್ಕ ಬೀಡಿ ಸೇದುತ್ತ ಕೂತಿದ್ದ ಡ್ರೈವರ್, ನಮಸ್ಕಾರ ತನಗೆ ತಗಲೀತೆಂದು ಕಾಲು ಮುದುರಿಕೊಂಡ. ಎದ್ದಾಗ ಅವಳ ಹಣೆಗೆ ಡೀಸೆಲ್ಲಿನ ಜಿಡ್ಡು ಮೆತ್ತಿತ್ತು, ಮೊಣಕೈ ತರಚಿ ರಕ್ತ ಬಂದಿತ್ತು. ಅಯ್ಯನವರು ಮಿಷನ್ನಿಗೆ ಹೊಸದಾಗಿ ವಿಭೂತಿ ಬಳಿದು, ಸೂರಿನ ಮೇಲೂ ತೀರ್ಥ ಎರಚಿ, ಊಟ ಮಾಡಿ ಹೋದರು. ಅವತ್ತು ಮನೆಗೆ ನಡೆಯುವಾಗ ಯಲ್ಲಮ್ಮ ಹಣೆಯ ಜಿಡ್ಡನ್ನೂ ಒರೆಸಿಕೊಳ್ಳಲಿಲ್ಲ.

ತೀರ್ಥಕ್ಕೂ ಸಿಮೆಂಟು ಹಿಡಿಯದಿದ್ದಾಗ ತರೀಕೆರೆಯಿಂದ ಎಂಜಿನಿಯರ್ ಬಂದರು. ಗಟ್ಟಿಯಾದ ಕಡೆಯಿಂದ ಹಸಿಯಾದ ಕಡೆಗೆ ನಡೆದು ನಡುವೆ ನಿಂತರು.

“ಇಲ್ಲಿಂದಾಚೆಗೆ ಏನ್ರೀ ಬೆರೆಸಿದ್ರಿ?”

“ಬೆರೆಸೋದೇನ್ ಸ್ವಾಮಿ, ಮೈಲಿಗೆ ಆಗೈತೆ. ಆ ಹೆಂಗ್ಸು ಪಾನಕದ ಹಂಡೆ ಮುಟ್ಟಿ...”

“ಪಾನಕ ಎಲ್ಲೋಯ್ತು?”

ಪಂಚಾಕ್ಷರಪ್ಪ ಲಕ್ಕಣ್ಣನ ಮುಖ ನೋಡಿದ. ಲಕ್ಕಣ್ಣ ಮಿಷನ್ನಿನ ಮುಖ ನೋಡಿದ. “ಇದಕ್ಕೇ ಸುರೀರಿ ಅಂದ್ರು ಸಾರ್,” ಅಂದ.

ಎಂಜಿನಿಯರ್ ಹಣೆ ಹಣೆ ಬಡಿದುಕೊಂಡರು. “ಸಿಮೆಂಟಿಗೆ ಬೆಲ್ಲ ಬಿದ್ರೆ ಅದು ಗಟ್ಟಿಯಾಗಲ್ಲ ಕಣ್ರೀ! ಕುಡಿಯೋರಿಗೆ ಕೊಡೋಕೇನಾಗಿತ್ತು ನಿಮಗೆ? ಪೂರ್ತಿ ಕೆರೆದು ಇಳಿಸ್ಬೇಕು. ಕಂಬ ತೆಗೀಬೇಡಿ, ಕೆಳಗೆ ಯಾರ್ನೂ ಬಿಡ್ಬೇಡಿ.”

“ಮಿಷನ್ನಿಂದ್ಲೇ ಇಳಿಸ್ಬೌದಾ?” ಅಂದ ಪಂಚಾಕ್ಷರಪ್ಪ.

“ಮಿಷನ್ ಏಣಿ ಹತ್ತುತ್ತೇನ್ರೀ? ಆಳು ಕರೀರಿ.”

ಆಳು ಕರೆಯಲು ಲಕ್ಕಣ್ಣ ಅಂದು ಸಂಜೆಯೇ ಹಟ್ಟಿಗೆ ಬಂದ. ಕೆಲಸ ಬಿಡಿಸಿದ್ದವರನ್ನೂ ಸೇರಿಸಿ ಎಲ್ಲ ಹೆಂಗಸರೂ ಬರಬೇಕಂತೆ. ಬೆಳಗ್ಗೆ ಹೋದೆವು. ಪಂಚಾಕ್ಷರಪ್ಪ ಬೇವಿನ ಮರದಡಿ ಕುರ್ಚಿ ಹಾಕಿ ಕೂತಿದ್ದ. ಪಕ್ಕದಲ್ಲಿ ಮತ್ತೆ ಪಾನಕ ಇತ್ತು. ಈ ಸಲ ಹಂಡೆಯಲ್ಲಲ್ಲ, ಮಣ್ಣಿನ ಮಡಕೆಯಲ್ಲಿ. ನಾವು ಹೋದ ಮೇಲೆ ಒಡೆದು ಹಾಕಬಹುದಲ್ಲ.

“ಆಗಿದ್ದಾಯ್ತು ಬಿಡ್ರೇ,” ಅಂದ. “ಮದ್ವೆ ಹತ್ರ ಬಂತು. ಕುಡ್ದು ಬಿರ್ರನೆ ಹತ್ತಿ.”

ತಪ್ಪು ತನ್ನದು ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ಯಲ್ಲಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಯಲ್ಲಮ್ಮ ಹೋಗಿ ಒಂದು ಬಾಂಡ್ಲಿ ಎತ್ತಿಕೊಂಡಳು. ಮತ್ತೆ ಹೊರುತ್ತಾಳೆ ಎಂದುಕೊಂಡೆ. ಅವಳು ಏಣಿಯ ಕಡೆ ಹೋಗಲಿಲ್ಲ. ಮಿಷನ್ನಿನ ಮುಂದೆ ನಿಂತು, ತಲೆಯ ಮೇಲಿನ ಬಟ್ಟೆಯ ಸಿಂಬೆ ತೆಗೆದಳು. ಅದನ್ನು ವಿಭೂತಿ ಬಳಿದ ಆ ಹೊಟ್ಟೆಯ ಮೇಲೆ ಇಟ್ಟಳು. ಸಿಂಬೆಯ ಮೇಲೆ ಬಾಂಡ್ಲಿ ಇಟ್ಟಳು.

“ಇದು ಮಡಿಯಾಗೈತೆ ಬುದ್ಧಿ. ನಾನೇ ಅಡ್ಡಬಿದ್ದು ಮಾಡಿದ್ ಮಡಿ. ಇದ್ರ ತಲೆ ಮೇಲೇ ಹೊರ್ಸಿ.”

“ಏನಂದೆ? ಏನಂದೇ ಬೋಸುಡಿ?”

ನಾನು ಹೋಗಿ ನನ್ನ ಸಿಂಬೆಯನ್ನೂ ಅದರ ಪಕ್ಕದಲ್ಲಿ ಇಟ್ಟೆ. ನನ್ನ ಹಿಂದೆ ನಮ್ಮ ಹಟ್ಟಿಯವಳೇ ಆದ ಶಂಕರಮ್ಮ ಇಟ್ಟಳು. ಕೆಲಸ ಬಿಡಿಸಿಕೊಂಡಿದ್ದವರೂ ಇಟ್ಟರು. ಹಳೆ ಸೀರೆಯ ಸಿಂಬೆಗಳು ಮಿಷನ್ನಿನ ಮೇಲೆಲ್ಲ ಕೂತವು. ಮಡಕೆಯ ಪಾನಕವನ್ನು ಯಾರೂ ಮುಟ್ಟಲಿಲ್ಲ.

“ನಾಳೆ ಏನ್ ತಿಂತೀರೇ ಲೌಡಿಯರಾ!”

ಸರಿಯಾದ ಪ್ರಶ್ನೆಯೇ. ನಮ್ಮ ಮನೆಯಲ್ಲಿ ಹಿಟ್ಟಿರಲಿಲ್ಲ, ಯಲ್ಲಮ್ಮನ ಮನೆಯಲ್ಲೂ ಇರಲಿಲ್ಲ. ಆದರೂ ನಡೆದೆವು. ಹಿಂದಿನಿಂದ, “ಲಕ್ಕಣ್ಣಾ, ನೀನ್ ಹತ್ತೋ!” ಎಂಬ ಕೂಗು ಕೇಳಿಸಿತು. “ನಂಗೆ ಹೊತ್ತು ಅಭ್ಯಾಸ ಇಲ್ಲ ಬುದ್ಧಿ” ಎಂಬುದೂ ಕೇಳಿಸಿತು.

ಅಂತರಘಟ್ಟೆ ರಸ್ತೆಯ ತಿರುವಿಗೆ ಬಂದಾಗ ಬೈಗುಳ ಎತ್ತರದಿಂದ ಬರತೊಡಗಿತು. ತಿರುಗಿ ನೋಡಿದೆವು. ಪಂಚಾಕ್ಷರಪ್ಪ ಸೂರಿನ ಮೇಲೆ ಒಬ್ಬನೇ ನಿಂತಿದ್ದ. ನಮ್ಮ ಹೆಸರು ಹಿಡಿದು ಬೈಯುತ್ತ ಊರುಗೋಲನ್ನು ಜೋರಾಗಿ ಕುಟ್ಟಿದ್ದನೆಂದು ಕಾಣುತ್ತದೆ. ಕೋಲು ಕೆಸರಿನೊಳಗೆ ಇಳಿದು ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಕೊಂಡಿತ್ತು. ಬಿಳಿಯ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಕೋಲನ್ನು ಕೀಳುತ್ತಿದ್ದ. ಅದು ಬರುತ್ತಿರಲಿಲ್ಲ.