ಮರೆಯ ಹಾಳೆ

ಕುದುರೆ ಇನ್ನೂ ಮಿಣುಕುತ್ತಲೇ ಇತ್ತು.

ಬುರುಲ್ ಕಣ್ಣುಜ್ಜಿಕೊಂಡು ಮತ್ತೆ ಕಂಪ್ಯೂಟರಿನ ಪರದೆಯತ್ತ ಬಾಗಿದಳು. ಅವಳ ಅಪ್ಪ ಸಗಿನ್ ಬಿಷ್ಕೆಕ್‌ನ ಸ್ಟುಡಿಯೋದಲ್ಲಿ ಕಾರ್ಟೂನ್ ಚಿತ್ರಗಳಿಗೆ ಹಾಳೆಯ ಮೇಲೆ ಹಾಳೆ ಬರೆದು ಆಯುಸ್ಸು ಸವೆಸಿದವನು. ಕೊನೆಗೆ ಬರೆದದ್ದು ಈ ಬೂದು ಕುದುರೆ. ಅದು ಮುಗಿಯುವ ಹೊತ್ತಿಗೆ ಸೋವಿಯತ್ ದೇಶವೇ ಒಡೆದುಹೋಯಿತು, ಸ್ಟುಡಿಯೋಗೆ ಬೀಗ ಬಿತ್ತು, ಕ್ಯಾಮೆರಾ ಕಾಣದ ಕುದುರೆ ಹಾಳೆಗಳಲ್ಲೇ ನಿಂತುಬಿಟ್ಟಿತು. ಈಗ ಅಪ್ಪ ಹುಟ್ಟೂರು ಕೊಚ್ಕೋರ್‌ನಲ್ಲಿ, ಅವಳ ತಮ್ಮ ಕುಬಾತನ ಮನೆಯಲ್ಲಿ, ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಅವನಿಗೆ ಉಳಿದಿದ್ದ ಆಸೆ ಒಂದೇ, ಆ ಕುದುರೆ ಓಡುವುದನ್ನು ಕಣ್ಣಾರೆ ನೋಡಬೇಕು.

ಬುರುಲ್ ಬಿಷ್ಕೆಕ್‌ನ ಕಚೇರಿಯೊಂದರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳು. ಹೋದ ತಿಂಗಳು ಅಪ್ಪನ ಹಾಳೆಗಳನ್ನೆಲ್ಲ ಕಚೇರಿಯ ಕಂಪ್ಯೂಟರಿಗೆ ಇಳಿಸಿ, ಅದನ್ನೇ ಕೌದಿಯಲ್ಲಿ ಸುತ್ತಿ, ವ್ಯಾನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಹೋಗಿದ್ದಳು. ಅಪ್ಪ ಒಂದು ಗಳಿಗೆ ನೋಡಿ ಕಣ್ಣು ಮುಚ್ಚಿಕೊಂಡಿದ್ದ.

“ಇದು ಓಡ್ತಿಲ್ಲ ಕಣಮ್ಮ, ಕೆಟ್ಟೋದ ಟ್ಯೂಬ್‌ಲೈಟ್ ಥರ ಹೊಡ್ಕೊಳ್ತಿದೆ. ನನ್ನ ಕುದುರೆಗೆ ಮೂರ್ಛೆರೋಗ ಬರ್ಸ್ಬಿಟ್ಟೆಯಲ್ಲೇ!” ನಕ್ಕು, ನಗುತ್ತಲೇ ಕೆಮ್ಮಿ, ಅವಳ ಕೈ ತಟ್ಟಿದ್ದ. “ಸರಿ ಮಾಡ್ಕೊಂಡು ಬಾ. ಅಲ್ಲೀವರ್ಗೂ ನಾನೆಲ್ಲಿಗೂ ಹೋಗಲ್ಲ.”

ತಪ್ಪು ಏನೆಂದು ಆಮೇಲೆ ತಿಳಿಯಿತು. ನೋಡುವವರ ಕಣ್ಣೆದುರೇ ಅವಳ ಪ್ರೋಗ್ರಾಂ ಹಳೆಯ ಚಿತ್ರ ಅಳಿಸಿ ಹೊಸದನ್ನು ಬರೆಯುತ್ತಿತ್ತು. ಅಳಿಸಿದಾಗಿನ ಬಿಳುಪು ಪ್ರತಿ ಸಲವೂ ಕಣ್ಣಿಗೆ ಹೊಡೆಯುತ್ತಿತ್ತು. ಕಂಪ್ಯೂಟರಿನ ಒಳಗೆ, ಯಾರಿಗೂ ಕಾಣದ ಹಾಳೆಯೊಂದರ ಮೇಲೆ ಚಿತ್ರವನ್ನು ಪೂರ್ತಿ ಬರೆದು, ಆಮೇಲೆ ಒಂದೇ ಏಟಿಗೆ ಪರದೆಗೆ ತರಬೇಕು. ಹಾಗೆಯೇ ಮಾಡಿದಳು. ಮಿಣುಕು ತಗ್ಗಿತು, ಹೋಗಲಿಲ್ಲ. ನಾಳೆ ಶನಿವಾರ, ಊರಿಗೆ ಹೋಗಲು ವ್ಯಾನಿನವನಿಗೆ ಹೇಳಿಯಾಗಿತ್ತು.

“ಏನು ಬುರುಲ್, ಲಾಳ ಹೊಡೆದಾಯ್ತಾ?” ಕಚೇರಿಯ ಯಜಮಾನ ಮೆದೆತ್ ಆ ಶುಕ್ರವಾರ ಬೆಳಿಗ್ಗೆ ಬಂದವನೇ ಕಾಲೆಳೆದ. “ನಿನ್ನ ಕುದುರೆ ಓಡ್ಲಿ ಅಂತ ನನ್ನ ಬ್ಯಾಂಕಿನ ಕೆಲ್ಸ ಕುಂಟ್ತಾ ಇದೆ.”

“ಇವತ್ತೊಂದಿನ ಬಿಟ್ಬಿಡಿ ಬಾಯ್ಕೆ.” ಅಲ್ಲಿ ಅಣ್ಣನಂಥವರನ್ನು ಕರೆಯುವುದೇ ಹಾಗೆ.

“ಬಿಟ್ಟೆ ಹೋಗು. ನಿಮ್ಮಪ್ಪನಿಗೆ ಹೇಳು, ನನ್ಪಾಲಿಂದು ಒಂದು ಬುಂಡೆ ಕುದುರೆಹಾಲಿನ ಕುಮಿಸ್ ಎತ್ತಿಡೋಕೆ.”

ಅಷ್ಟರಲ್ಲಿ ಒಳಕೋಣೆಯ ಫೋನು ಬಡಿದುಕೊಂಡಿತು. ಮಾತಾಡಿ ಹೊರಬಂದ ಮೆದೆತ್ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ. “ನೀನು ನಿನ್ನ ಕೆಲ್ಸ ನೋಡ್ಕೋ. ಎಲ್ಲೂ ಹೋಗ್ಬೇಡ” ಎಂದು ಹೇಳಿ ಕೋಟು ಹಾಕಿಕೊಂಡು ಹೊರಟುಹೋದ. ಸ್ವಲ್ಪ ಹೊತ್ತಿಗೆ ಲೆಕ್ಕ ನೋಡುವ ಜೂರಾ ಚಹಾ ತಂದಿಟ್ಟು, ಅವಳ ತಲೆ ಸವರಿ ಹೋದಳು. ಯಾಕೆ ಎಂದು ಕೇಳುವಷ್ಟು ಪುರುಸೊತ್ತು ಬುರುಲ್‌ಗೆ ಇರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಮಿಣುಕಿನ ಕಳ್ಳ ಸಿಕ್ಕಿಬಿದ್ದ. ಅವಳ ಬರವಣಿಗೆ ಸರಿಯಾಗಿಯೇ ಇತ್ತು. ಆದರೆ ಪರದೆಯ ಮೇಲೆ ಚಿತ್ರ ಕಾಣುವ ಚೌಕಟ್ಟು, ಯಾರೂ ಹೇಳದಿದ್ದರೂ, ಪ್ರತಿ ಚಿತ್ರಕ್ಕೂ ಮುಂಚೆ ತನ್ನ ಪಾಡಿಗೆ ತಾನು ಬಿಳಿ ಬಳಿದುಕೊಳ್ಳುತ್ತಿತ್ತು. ಅದರ ಹುಟ್ಟುಗುಣವೇ ಅದು. ಬಳಿಯಬೇಡ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು.

ಕುದುರೆ ಓಡಿತು. ಗೊರಸುಗಳು ನೆಲ ಮುಟ್ಟಿ ಎದ್ದವು, ಕತ್ತಿನ ಕೂದಲು ನೀರಿನಂತೆ ಹರಿಯಿತು, ಎಲ್ಲೂ ಕಡಿಯಲಿಲ್ಲ.

“ಬಾಯ್ಕೆ! ಬಂದ್ರಾ? ನೋಡ್ಬನ್ನಿ ಇಲ್ಲಿ!”

ಮೆದೆತ್ ಬಂದಿದ್ದ, ಒಬ್ಬನೇ ಅಲ್ಲ. ಅವನ ಹಿಂದೆ ಅವಳ ಚಿಕ್ಕಪ್ಪ, ಇಬ್ಬರು ಸೋದರತ್ತೆಯರು, ಬಿಳಿಯ ಉಣ್ಣೆ ಟೋಪಿಯ ಹಿರಿಯರು ಬಾಗಿಲ ತುಂಬ ನಿಂತಿದ್ದರು. ಸಾವಿನ ಸುದ್ದಿಯನ್ನು ಅಲ್ಲಿ ಒಬ್ಬರೇ ಬಂದು ಹೇಳುವುದಿಲ್ಲ. ಹಿಡಿದುಕೊಳ್ಳುವ ಕೈಗಳೆಲ್ಲ ಸೇರುವ ತನಕ ಬಚ್ಚಿಟ್ಟು, ಆಮೇಲೆ ಹೇಳುತ್ತಾರೆ. ಅಂಥ ಗುಂಪಿನಲ್ಲಿ ಬುರುಲ್ ಕೂಡ ಎಷ್ಟೋ ಸಲ ನಿಂತಿದ್ದಳು.

“ಹೇಳ್ಬೇಡಿ” ಎಂದಳು. “ಚಿಕ್ಕಪ್ಪ, ಒಂದ್ನಿಮಿಷ ಹೇಳ್ಬೇಡಿ.”

“ಮನಸ್ಸು ಗಟ್ಟಿ ಮಾಡ್ಕೋ ಮಗಳೇ. ನಮ್ಮಣ್ಣ ನಮ್ಮನ್ನ ಬಿಟ್ಟು ಹೋದ.”

ಅತ್ತೆಯರು ಅವಳನ್ನು ಹಿಡಿದುಕೊಂಡರು. ಹೊರಡುತ್ತಿದ್ದೇವೆ ಎಂದು ತಿಳಿಸಲು ಚಿಕ್ಕಪ್ಪ ಕೊಚ್ಕೋರ್‌ಗೆ ಫೋನು ಹಚ್ಚಿದರು. ಅವರ ಮುಖ ಬಿಳಿಚಿಕೊಂಡದ್ದನ್ನು ಕಂಡು ಬುರುಲ್ ಫೋನು ಕಸಿದುಕೊಂಡಳು. ಆ ಕಡೆಯಿಂದ ಕುಬಾತ್ ಬಿಕ್ಕುತ್ತಿದ್ದ.

“ಅಕ್ಕಾ, ಈಗ ತಾನೇ ಹೋಗ್ಬಿಟ್ರು. ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ತಿದ್ರು. ಬುರುಲ್ ಬಂದ್ಲಾ, ಕುದುರೆ ತಂದ್ಲಾ ಅಂತ ಒಂದೇ ಸಮ ಕೇಳ್ತಿದ್ರು. ನಾನು ಬೆಳಿಗ್ಗೇನೇ ನಿನ್ನ ಕಚೇರಿಗೆ ಫೋನ್ ಮಾಡಿದ್ನಲ್ಲ?”

ಬುರುಲ್ ಫೋನಿಗೆ ಕೈ ಅಡ್ಡ ಹಿಡಿದು ಮೆದೆತ್‌ನ ಕಡೆ ತಿರುಗಿದಳು. “ಬೆಳಿಗ್ಗೆ ಕುಬಾತ್ ಏನಂದ?”

“ಅಪ್ಪನಿಗೆ ಕಾಯಿಲೆ ತುಂಬಾ ಜೋರಾಗಿದೆ, ಬುರುಲ್‌ನ ಕಳ್ಸಿ ಅಂದ.” ಮೆದೆತ್ ಟೋಪಿಯನ್ನು ಕೈಯಲ್ಲಿ ಹಿಚುಕುತ್ತಿದ್ದ. “ಸತ್ತೋದ್ರು ಅಂತ ಫೋನಲ್ಲಿ ಯಾರಮ್ಮ ಹೇಳ್ತಾರೆ? ನಮ್ಮಮ್ಮ ಹೋದಾಗ್ಲೂ ತುಂಬಾ ಜೋರಾಗಿದೆ ಅಂತಾನೇ ಅಂದಿದ್ರು. ಅದಕ್ಕೇ ನಾನು ಆಗ್ಲೇ ಹೋಗ್ಬಿಟ್ಟಿದಾರೆ ಅಂತ…”

ಬೆಳಿಗ್ಗೆ ಅಪ್ಪ ಇನ್ನೂ ಬದುಕಿದ್ದ. ಆಗಲೇ ಹೊರಟಿದ್ದರೆ ಬುರುಲ್ ಮಧ್ಯಾಹ್ನಕ್ಕೆ ಮುಂಚೆ ಅಪ್ಪನ ಪಕ್ಕದಲ್ಲಿ ಇರುತ್ತಿದ್ದಳು, ಮಿಣುಕುವ ಕುದುರೆಯ ಜೊತೆಗಾದರೂ. ಮೆದೆತ್‌ನ ಜಾಗದಲ್ಲಿ ಆ ಕೋಣೆಯಲ್ಲಿದ್ದವರಲ್ಲಿ ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಅವಳೂ ಅಷ್ಟೆ.

“ಅಕ್ಕಾ, ಕೇಳಿಸ್ತಿದ್ಯಾ? ಯಾಕೆ ಬರ್ಲಿಲ್ಲ?”

ಬುರುಲ್ ಮೆದೆತ್‌ನನ್ನೊಮ್ಮೆ ನೋಡಿ, ಫೋನಿನ ಮೇಲಿನ ಕೈ ತೆಗೆದಳು.

“ಕೆಲ್ಸ ಮುಗಿದಿರ್ಲಿಲ್ಲ ಕುಬಾತ್.”

ಆ ಕಡೆ ಬಿಕ್ಕುವುದು ನಿಂತಿತು. “ಆಯ್ತು” ಎಂದ ತಮ್ಮ, ಗುರುತಿಲ್ಲದವರೊಡನೆ ಮಾತಾಡುವ ದನಿಯಲ್ಲಿ. ಫೋನು ಇಟ್ಟ.

ಆ ಕೋಣೆಯಲ್ಲಿ ಮೊದಲು ಬಾಯಿಬಿಟ್ಟು ಅತ್ತವನು ಮೆದೆತ್.